ಸವತಿಯ ಹಿಂದಿನ ಸೀಟು

ಬಿಚ್ಚಿ ಬಿಡಿಬಿಡಿಯಾಗಿ ಮಾರುವವರಿಗೆ ಆ ಕಾರನ್ನು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದೆ. ಬಾಗಿಲುಗಳಷ್ಟೇ ಸಾಕು ಎಂದು ಬಂದ ಇಬ್ಬರನ್ನು ಗೇಟಿನಲ್ಲೇ ಸಾಗಹಾಕಿದ್ದೆ. ನಮ್ಮವರು ಹೋದ ವರ್ಷ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ರಿಪೇರಿಯನ್ನು ಯಾರಾದರೂ ಪೂರ್ತಿ ಮಾಡಿ ಕಾರನ್ನು ರಸ್ತೆಗೆ ಇಳಿಸಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಕಾರು ನಿಂತಿದ್ದ ಬಾಡಿಗೆ ಶೆಡ್ಡಿನ ಮಾಲೀಕ ಜಾಗ ಖಾಲಿ ಮಾಡಿ ಎನ್ನದಿದ್ದರೆ ಮಾರುವ ಮಾತೇ ಎತ್ತುತ್ತಿರಲಿಲ್ಲ.

ಅದೊಂದು ಹಳೇ ಸ್ಟೇಷನ್ ವ್ಯಾಗನ್. ನಾನು ಕರೆಯುತ್ತಿದ್ದದ್ದು ಸವತಿ ಎಂದೇ. ಸಂಜೆಯಾದರೆ ಸಾಕು, ನಮ್ಮವರು ಅದರ ಹೊಟ್ಟೆಯಡಿ ಮಲಗಿಬಿಡುತ್ತಿದ್ದರು. ಒಂದು ತಿರುಪು ಬೇರೆ ಕಾರಿನದಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಬಾಗಿಲಿನ ಒಂದು ಹಿಡಿಕೆಗಾಗಿ ಗುಜರಿ ಅಂಗಡಿಗಳನ್ನು ತಿಂಗಳುಗಟ್ಟಲೆ ಅಲೆದರು. ಈ ಮಡಿವಂತಿಕೆ ಮನೆಯ ಸೋರುವ ನಲ್ಲಿಯ ಮೇಲೂ ಸ್ವಲ್ಪ ಇರಲಿ ಎಂದು ಚುಚ್ಚಿದರೆ ನಕ್ಕು ಮತ್ತೆ ಕಾರಿನಡಿ ತೂರುತ್ತಿದ್ದರು.

ನಾನು ದರ್ಜಿ. ಸೀಟುಗಳ ಹೊದಿಕೆ ಹೊಲಿದವಳು ನಾನೇ. ಹಿಂದಿನ ಸೀಟು ಎಷ್ಟು ಉದ್ದ ಎಂದು ಕೇಳಿದಾಗ ಕಾರಿನಡಿಯಿಂದಲೇ ಆರು ಗೇಣು ಎಂದು ಕೂಗಿದರು. ಮನೆಯಲ್ಲಿ ನಾವು ಎಲ್ಲವನ್ನೂ ಗೇಣಿನಲ್ಲೇ ಅಳೆಯುತ್ತಿದ್ದೆವು. ಟೇಪು ಹುಡುಕುವ ತಾಳ್ಮೆ ನನಗೆಲ್ಲಿ? ಬಟ್ಟೆಯ ಮೇಲೆ ಗೇಣು ಹಾಕಿ ಕತ್ತರಿಸಿಬಿಟ್ಟೆ. ಹೊಲಿದು ಕೈಗಿಟ್ಟಾಗ ತುಂಬಾ ಚೆನ್ನಾಗಿದೆ ಎಂದರು. ಕೆಲವು ದಿನ ಬಿಟ್ಟು ನೋಡಿದರೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಸೀಟಿನ ಪಕ್ಕದಲ್ಲೊಂದು ಮರದ ಪೆಟ್ಟಿಗೆಯೂ ಬಂದಿತ್ತು. ನಿನ್ನ ಸೂಜಿದಾರ ಇಡೋಕೆ, ಎಂದಿದ್ದರು. ಅದನ್ನು ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಮೂರನೆಯವನಾಗಿ ಬಂದವನು ಗ್ಯಾರೇಜ್ ನಡೆಸುವವನು. ಬೆಲೆ ಕೇಳಲಿಲ್ಲ, ಅಂಗಿಯ ತೋಳು ಮಡಚಿ ಸೀದಾ ಕಾರಿನ ಕೆಳಗೆ ತೂರಿದ. ಹೊರಬಂದವನೇ, ಈ ಕೆಲಸ ಮಾಡಿದ ಕೈಗೆ ಕೈ ಮುಗಿಯಬೇಕು, ಪೂರ್ತಿ ಮಾಡಿ ನಾನೇ ಓಡಿಸುತ್ತೇನೆ ಎಂದ. ಇವನಿಗೂ ಅದೇ ಹುಚ್ಚು ಎಂದು ನನ್ನ ಜೀವ ತಣ್ಣಗಾಯಿತು.

ಆಮೇಲೆ ಹಿಂದಿನ ಸೀಟನ್ನು ಎತ್ತಿ ನೋಡಿದ.

“ಅಮ್ಮಾ, ಇಷ್ಟು ಚೊಕ್ಕವಾಗಿ ಕೆಲಸ ಮಾಡಿದೋರು ಇದನ್ನ ಯಾಕೆ ಹಾಳು ಮಾಡಿದ್ರು?”

ಬಗ್ಗಿ ನೋಡಿದೆ. ಸೀಟಿನ ಕಬ್ಬಿಣದ ಚೌಕಟ್ಟನ್ನು ಗರಗಸದಿಂದ ಕೊಯ್ದು, ಗಿಡ್ಡ ಮಾಡಿ, ಮತ್ತೆ ಬೆಸೆದಿದ್ದರು. ಉಳಿದ ಸಂದಿಗೆ ನನ್ನ ಪೆಟ್ಟಿಗೆ.

ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಅಂಗೈ ಮೊರದಗಲ. ಅವರ ಆರು ಗೇಣೆಲ್ಲಿ, ನನ್ನ ಆರು ಗೇಣೆಲ್ಲಿ? ಹೊದಿಕೆ ಗಿಡ್ಡವಾಯಿತು ಎಂದು ಒಂದು ಮಾತು ಹೇಳಿದ್ದರೆ ಬೇರೆ ಹೊಲಿದುಕೊಡುತ್ತಿದ್ದೆ. ಸುಳ್ಳೇಕೆ, ಮೊದಲು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ, ಆಮೇಲೆ ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ತಿರುಪಿಗೂ ಮಡಿ ನೋಡುತ್ತಿದ್ದ ಮನುಷ್ಯ ನನ್ನ ಹೊದಿಕೆಗಾಗಿ ಆ ಕಾರಿನ ಕಬ್ಬಿಣವನ್ನೇ ಕೊಯ್ದಿದ್ದರು.

ಗ್ಯಾರೇಜಿನವನು ತನ್ನ ಪಾಡಿಗೆ ಮಾತಾಡುತ್ತಿದ್ದ. ಇದು ನಡೆಯುವುದಿಲ್ಲವಂತೆ, ಅಸಲಿ ಚೌಕಟ್ಟನ್ನು ಹುಡುಕಿ ಹಾಕಬೇಕಂತೆ, ಇದನ್ನು ಗುಜರಿಗೆ ಎಸೆಯುತ್ತಾನಂತೆ. ಬೈಯಲು ಬಾಯಿ ತೆರೆದೆ. ಆದರೆ ಇಷ್ಟು ದಿನ ಕಾದದ್ದು ಇಂಥವನಿಗೇ ತಾನೇ.

“ಕಾರು ತಗೊಂಡು ಹೋಗಪ್ಪ,” ಎಂದೆ. “ಸೀಟು ಬಿಟ್ಟು ಹೋಗು. ಆ ಪೆಟ್ಟಿಗೇನೂ.”

ಸವತಿಯನ್ನು ಲಾರಿ ಎಳೆದುಕೊಂಡು ಹೋಯಿತು. ಬೀದಿಯ ತಿರುವು ದಾಟುವವರೆಗೂ ನಿಂತು ನೋಡಿದೆ. ಒಳಗೆ ಬಂದು ಖಾಲಿ ಶೆಡ್ಡಿನ ನೆಲದ ಮೇಲಿದ್ದ ಸೀಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಈ ತುದಿಯಿಂದ ಗೇಣು ಹಾಕುತ್ತಾ ಹೋದೆ. ಅರ್ಧ ದಾಟುವಷ್ಟರಲ್ಲೇ ಕಣ್ಣು ಮಂಜಾಯಿತು. ಆರನೆಯದಕ್ಕೆ ನನ್ನ ಕಿರುಬೆರಳು ಆ ತುದಿಯನ್ನು ಸರಿಯಾಗಿ ಮುಟ್ಟಿತು.