ಕೊಬ್ಬರಿ ಎಣ್ಣೆ ಕುಡಿದ ಗರಗಸ

ನಾನು ಮರ ಕೊಯ್ಯುವ ಯಂತ್ರ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಹುಟ್ಟಿದ ದಿನವೇ ಹಲ್ಲುಗಳಿಗೆ ಕವಚ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರಿಂದ ನನ್ನನ್ನು ಮಾಡಿದವರ ಮುಖ ನೋಡಲಿಲ್ಲ. ನನಗೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಸರಪಳಿಯನ್ನು ನೆನೆಸುವ ಎಣ್ಣೆ. ಪೆಟ್ರೋಲು ಮುಗಿದರೆ ನಿಂತುಬಿಡುತ್ತೇನೆ, ಎಲ್ಲರಿಗೂ ತಿಳಿಯುತ್ತದೆ. ಎಣ್ಣೆ ಬಾರದಿದ್ದರೆ ನಿಲ್ಲುವುದಿಲ್ಲ. ಒಣ ಸರಪಳಿಯನ್ನೇ ತಿರುಗಿಸುತ್ತ ಒಳಗೊಳಗೆ ಸುಡುತ್ತೇನೆ.

ಮೊದಲ ಎರಡು ವರ್ಷ ತಿಪಟೂರಿನ ಒಂದು ಸಾಮಿಲ್ಲಿನಲ್ಲಿ ದುಡಿದೆ. ಆಮೇಲೆ ಗವಿರಂಗಯ್ಯನ ಕೈಗೆ ಬಂದೆ. ಫಲ ನಿಂತ ತೆಂಗಿನ ಮರಗಳನ್ನು ಉರುಳಿಸಿ ತುಂಡು ಮಾಡಿಕೊಡುವುದು ಅವನ ಕೆಲಸ. ಅವನ ಹೆಂಡತಿ ಗಂಗಮಾಳಮ್ಮ ಕೊಬ್ಬರಿ ಗೋದಾಮಿನಲ್ಲಿ ಕಾಯಿ ಸುಲಿಯುತ್ತಿದ್ದಳು.

ಆ ಕಡೆ ಮರ ಕೊಯ್ಯುವವರೆಲ್ಲ ನಮ್ಮಂಥವರಿಗೆ ಗ್ಯಾರೇಜಿನ ಕರಿ ಎಣ್ಣೆಯನ್ನೇ ಹಾಕುತ್ತಾರೆ. ಲಾರಿಗಳ ಹೊಟ್ಟೆಯಿಂದ ಇಳಿಸಿದ, ಸುಟ್ಟ ಎಣ್ಣೆ. ನಾನು ತಿರುಗುವಾಗ ಅದು ಸಣ್ಣ ಹನಿಗಳಾಗಿ ಗವಿರಂಗಯ್ಯನ ಕೈಗೆ, ಎದೆಗೆ ಸಿಡಿಯುತ್ತಿತ್ತು. ಮೊದಲು ತುರಿಕೆ ಬಂತು. ಆಮೇಲೆ ಮೊಣಕೈವರೆಗೆ ಚರ್ಮ ಬಿರಿಯಿತು. ಹಿಡಿಕೆಯ ಮೇಲೆ ಅವನ ಬೆರಳಿನ ಹಸಿ ನನಗೆ ತಾಗುತ್ತಿತ್ತು. ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟರು, ಗುಣವಾಗಲಿಲ್ಲ.

ಗಂಗಮಾಳಮ್ಮ ಎಲ್ಲವನ್ನೂ ಗಮನಿಸುವ ಹೆಂಗಸು. ಹಬ್ಬಕ್ಕೆಂದು ಅವನು ನಾಲ್ಕು ದಿನ ಮನೆಯಲ್ಲಿ ಉಳಿದಾಗ ಬಿರುಕು ಕೂಡಿಕೊಳ್ಳುವುದನ್ನೂ, ಕೆಲಸಕ್ಕೆ ಹೋದ ಸಂಜೆಯೇ ಮತ್ತೆ ಬಾಯಿ ಬಿಡುವುದನ್ನೂ ಕಂಡಳು. ಗೋದಾಮಿನಲ್ಲಿ ಯಾರಿಗೂ ಬೇಡವಾದ ಕೌಟು ಕೊಬ್ಬರಿ ಆಯ್ದು ತಂದು, ಗಾಣದಲ್ಲಿ ಎಣ್ಣೆ ತೆಗೆಸಿ, ಕರಿ ಎಣ್ಣೆಯ ಬದಲು ನನ್ನ ಎರಡನೆಯ ಹೊಟ್ಟೆಗೆ ಸುರಿದಳು.

"ಮಿಷಿನ್ನಿಗೂ ತಲೆಗೆ ಎಣ್ಣೆ ಹಚ್ತೀಯೇನೇ?" ಎಂದು ಗವಿರಂಗಯ್ಯ ನಕ್ಕ.

"ಅದ್ಕಲ್ಲ ಕಣ್ರೀ, ನಿಮ್ಮ ಕೈಗೆ," ಎಂದಳು.

ಎರಡು ತಿಂಗಳಲ್ಲಿ ಅವನ ಕೈ ತಿಳಿಯಾಯಿತು. ರಾತ್ರಿ ಕೆರೆದುಕೊಳ್ಳುವ ಸದ್ದು ನಿಂತಿತು. ನನಗೂ ಆ ಎಣ್ಣೆ ಒಗ್ಗಿತು.

ಪುಷ್ಯಮಾಸ ಬಂತು. ಒಂದು ಮುಂಜಾನೆ ಚಳಿಯಲ್ಲಿ ಮರಕ್ಕೆ ಹಲ್ಲು ಕೊಟ್ಟ ಗಳಿಗೆಗೇ ನನ್ನ ಗಂಟಲು ಕಟ್ಟಿತ್ತು. ಒಂದು ಹನಿಯೂ ಹೊರಗೆ ಬರಲಿಲ್ಲ. ಹೊಗೆ ಎದ್ದಿತು, ಸರಪಳಿ ಜೋತುಬಿತ್ತು, ಅದು ಓಡುವ ಪಟ್ಟಿ ಕಾದು ನೀಲಿಯಾಯಿತು. ಎಣ್ಣೆಯ ಪಂಪು ಕೆಟ್ಟಿದೆ ಎಂದುಕೊಂಡು ಗವಿರಂಗಯ್ಯ ನನ್ನನ್ನು ಊರ ಬಸ್ ನಿಲ್ದಾಣದ ಹತ್ತಿರದ ನಯಾಜನ ಅಂಗಡಿಗೆ ಒಯ್ದ.

ನಯಾಜ್ ನನ್ನ ಮೂತಿಯನ್ನು ಒಂದು ಬಿಳಿ ಕಾಗದದ ಮುಂದೆ ಹಿಡಿದು ಜೋರಾಗಿ ಓಡಿಸಿದ. ಎಣ್ಣೆ ಬರುತ್ತಿದ್ದರೆ ಕಾಗದದ ಮೇಲೆ ಗೆರೆ ಮೂಡಬೇಕು. ಮೂಡಲಿಲ್ಲ. ತಂತಿಯಿಂದ ರಂಧ್ರ ಚುಚ್ಚಿದ, ಅದು ಸರಿಯಿತ್ತು. ಕೊನೆಗೆ ಎಣ್ಣೆಯ ಮುಚ್ಚಳ ತಿರುಗಿಸಿದ. ಒಳಗೆ ಬೆಣ್ಣೆಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಇದೇನಣ್ಣಾ, ಕೊಬ್ಬರಿ ಎಣ್ಣೆ!"

ಪಕ್ಕದ ಟೀ ಅಂಗಡಿಯಲ್ಲಿ ನಾಲ್ಕೈದು ಮಂದಿ ಮರ ಕೊಯ್ಯುವವರೇ ಕೂತಿದ್ದರು. ಒಬ್ಬ ಎದ್ದು ಬಂದು ಇಣುಕಿದ. "ಎಣ್ಣೆ ಹಚ್ಚಿದ ಮೇಲೆ ಜಡೆ ಹಾಕಿ ಹೂವ ಮುಡಿಸ್ಲಿಲ್ವಾ ಗವಿರಂಗಣ್ಣ?"

"ಸೀಗೇಕಾಯಿ ಯಾವತ್ತು ಹಾಕ್ತೀಯ, ಶನಿವಾರನಾ?" ಎಂದ ಇನ್ನೊಬ್ಬ.

ಗವಿರಂಗಯ್ಯನೂ ನಗಲು ನೋಡಿದ. "ನನಗೇನು ಗೊತ್ತಪ್ಪ, ಇದೆಲ್ಲ ನಮ್ಮನೆಯೋಳ ಕೆಲಸ," ಎಂದುಬಿಟ್ಟ. ಅವನು ನೆಲ ನೋಡುತ್ತಿದ್ದ.

ನಯಾಜ್ ನಗಲಿಲ್ಲ. ನನ್ನನ್ನು ಬಿಸಿಲಿಗಿಟ್ಟ. ಎಣ್ಣೆ ಕರಗಿದ ಮೇಲೆ ಬಗ್ಗಿಸಿ ತೆಗೆದು, ಹೊಸ ಪಟ್ಟಿ ಕೂರಿಸಿದ. ನನ್ನನ್ನು ಮೊಪೆಡ್ಡಿಗೆ ಕಟ್ಟುವಾಗ ದನಿ ತಗ್ಗಿಸಿ ಹೇಳಿದ: "ಅಕ್ಕ ಮಾಡಿದ್ದು ತಪ್ಪಲ್ಲಣ್ಣ. ಚಳಿ ಬಿಡೋವರ್ಗೂ ಕಡ್ಲೆಕಾಯಿ ಎಣ್ಣೆ ಹಾಕು, ಅದು ಗಟ್ಟಿಯಾಗಲ್ಲ." ಗವಿರಂಗಯ್ಯ ಮೊಪೆಡ್ ಒದ್ದು ಹೊರಟ. ಟೀ ಅಂಗಡಿಯ ನಗು ಇನ್ನೂ ನಿಂತಿರಲಿಲ್ಲ. ನಯಾಜನ ಮಾತು ಅವನಿಗೆ ಕೇಳಿಸಲಿಲ್ಲವೇನೋ ಎಂದು ನನಗೆ ದಿಗಿಲಾಯಿತು.

ದಾರಿಯಲ್ಲೇ ಗ್ಯಾರೇಜಿನ ಮುಂದೆ ನಿಲ್ಲಿಸಿ ಕರಿ ಎಣ್ಣೆ ತುಂಬಿಸಿದ. ಮನೆಯಲ್ಲಿ ಹೆಂಡತಿಯ ಎಣ್ಣೆ ಡಬ್ಬಿಯನ್ನು ಅಂಗಳಕ್ಕೆ ಎಸೆದ. "ನಾಲ್ಕು ಜನದ ಮುಂದೆ ನನ್ನ ಮಾನ ಕಳೆದೆ," ಎಂದ. ಅವಳು ಡಬ್ಬಿ ಎತ್ತಿ ಒರೆಸಿಟ್ಟಳು. ಚಳಿಗೆ ಎಣ್ಣೆ ಹೆಪ್ಪುಗಟ್ಟುತ್ತದೆಂದು ಗೊತ್ತಿದ್ದೂ, ಯಂತ್ರದ ಬಿಸಿಗೆ ಕರಗೀತೆಂದು ನಂಬಿದ್ದು ತನ್ನದೇ ತಪ್ಪೆಂದು ಒಪ್ಪಿಕೊಂಡಳು. ಮತ್ತೆ ನನ್ನ ಮುಚ್ಚಳ ಮುಟ್ಟಲಿಲ್ಲ.

ಯುಗಾದಿಯ ಹೊತ್ತಿಗೆ ಅವನ ಕೈಯ ಬಿರುಕುಗಳಲ್ಲಿ ಕೀವು ತುಂಬಿತು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಬಲಗೈಯ ಮೂರು ಬೆರಳು ಮಡಚಲಾಗದೆ ಉಳಿದವು. ನನ್ನನ್ನು ಓಡಿಸಲು ಬೇಕಾದದ್ದು ಆ ಬೆರಳುಗಳೇ. ನಾನು ಒಲೆಯ ಪಕ್ಕದ ಮೂಲೆ ಸೇರಿದೆ.

ಬೇಸಿಗೆಯಲ್ಲಿ ನಯಾಜ್ ನನ್ನನ್ನು ಕೊಳ್ಳಲು ಬಂದ. ಗವಿರಂಗಯ್ಯ ಗೋಡೆಗೆ ಒರಗಿ ಕೂತಿದ್ದ, ಗಂಗಮಾಳಮ್ಮ ಅವನಿಗೆ ಮುದ್ದೆ ಮುರಿದು ಉಣಿಸುತ್ತಿದ್ದಳು. ನಯಾಜ್ ಆ ಕೈ ನೋಡಿ, "ಯಾಕಕ್ಕ, ಕಡ್ಲೆಕಾಯಿ ಎಣ್ಣೆ ಹಾಕ್ಲಿಲ್ವಾ?" ಎಂದ.

"ಯಾವ ಎಣ್ಣೆ?"

"ಅವತ್ತೇ ಹೇಳಿದ್ನಲ್ಲ."

ಅವಳು ಗಂಡನತ್ತ ತಿರುಗಿದಳು. ಅವನು ಮಡಚಲಾಗದ ಬೆರಳುಗಳನ್ನು ನೋಡಿಕೊಂಡ. ಆಮೇಲೆ, "ಕೇಳಿಸಿತ್ತು," ಎಂದ.

ಅವಳು ಬೈಯಲಿಲ್ಲ. ಕೈಯಲ್ಲಿದ್ದ ತುತ್ತನ್ನು ಸಾರಿಗೆ ಅದ್ದಿ, "ಬಾಯಿ ತೆಗೀರಿ," ಎಂದಳು. ಅವನು ತೆಗೆದ. ಅವನ ಗಲ್ಲದ ಮೇಲೆ ಇಳಿದ ನೀರನ್ನು ತನ್ನ ಸೆರಗಿನಲ್ಲಿ ಒರೆಸಿದಳು.

ಈಗ ನಾನು ನಯಾಜನ ಅಂಗಡಿಯ ಹಿಂದಿನ ಹಲಗೆಯ ಮೇಲಿದ್ದೇನೆ. ಸರಪಳಿ ಒಬ್ಬರಿಗೆ ಹೋಯಿತು, ಪಂಪು ಇನ್ನೊಬ್ಬರಿಗೆ. ಟೀ ಅಂಗಡಿಯ ಮಂದಿ ದಿನವೂ ಬರುತ್ತಾರೆ, ಕೈ ಕೆರೆದುಕೊಳ್ಳುತ್ತ ಟೀ ಕುಡಿಯುತ್ತಾರೆ. ಅವರ ಮನೆಗಳಲ್ಲೂ ಯಾರಾದರೂ ಆ ಕೈಗಳನ್ನು ನೋಡುತ್ತಿರಬಹುದು.