ಹುಣಸೇಮರಕ್ಕೆ ಕಟ್ಟಿದವನು

ಎರಡನೆಯ ಮಹಾಯುದ್ಧ ಮುಗಿದ ಮೂರನೆಯ ವರ್ಷ ಸೂಲಿಬೆಲೆಯ ಕೆರೆ ಬಯಲಿಗೆ ಟೆಂಟು ಸಿನಿಮಾ ಬಂತು. ತಮಿಳು ಚಿತ್ರ. ಅಕ್ಕನನ್ನು ಕೊಂದ ನಾಲ್ವರನ್ನು ತಮ್ಮನೊಬ್ಬ ಹುಡುಕಿ ಹುಡುಕಿ ಮಚ್ಚಿನಲ್ಲಿ ಕಡಿಯುವ ಕತೆಯಂತೆ. ಪಕ್ಕದ ಹಳ್ಳಿಯ ವೆಂಕಟರಾಯಪ್ಪ ಆಗಲೇ ಎರಡು ಸಲ ನೋಡಿ ಬಂದಿದ್ದ. ಮೂರನೆಯ ಸಲ ಹೆಂಡತಿಯನ್ನೂ ಹೊರಡಿಸಿದ.

"ನೀನು ನೋಡ್ಲೇಬೇಕು ಕಣೆ," ಎಂದ, ಗಾಡಿ ಕಟ್ಟುತ್ತಾ. "ನಮ್ದೇ ಕತೆ ಇದ್ದಂಗೈತೆ."

ನಮ್ಮದೇ ಕತೆ ಎಂದರೆ ಯಾವುದೆಂದು ಆದಿಲಕ್ಷ್ಮಮ್ಮ ಕೇಳಬೇಕಾಗಿರಲಿಲ್ಲ.

ಎರಡು ವರ್ಷದ ಹಿಂದೆ ವಿಜಯಪುರದ ಸಂತೆಯಿಂದ ಒಬ್ಬಳೇ ಬರುವಾಗ, ಜಾಲಿ ಮರೆಯಿಂದ ಬಂದ ಒಬ್ಬ ಅವಳ ಕಿವಿಗೆ ಕೈಹಾಕಿ ಓಲೆಯನ್ನು ಹಾಲೆ ಸಮೇತ ಕಿತ್ತುಕೊಂಡು ಓಡಿದ್ದ. ಎತ್ತರದ ಆಳು. ಮುಖಕ್ಕೆ ಬಟ್ಟೆ ಸುತ್ತಿದ್ದ. ಆದರೆ ಕಣ್ಣಿನ ಪಕ್ಕಕ್ಕೇ ಬಂದ ಆ ಕೈಯನ್ನು ಅವಳು ಚೆನ್ನಾಗಿ ನೋಡಿದ್ದಳು. ಅದಕ್ಕೆ ಕಿರುಬೆರಳು ಇರಲಿಲ್ಲ.

ಮಾರನೆಯ ಬೆಳಿಗ್ಗೆ ವೆಂಕಟರಾಯಪ್ಪ, ಅವನ ತಮ್ಮ ಗಂಗಣ್ಣ, ಇನ್ನೂ ಇಬ್ಬರು ಸೇರಿ ಒಬ್ಬನನ್ನು ಹಿಡಿದು ತಂದು ಕಣದ ಹುಣಸೇಮರಕ್ಕೆ ಕಟ್ಟಿದರು. ಅದೇ ದಾರಿಯಲ್ಲಿ ಸಿಕ್ಕ, ಪೊರಕೆ ಮಾರುವವನು. ಹೊರೆಯ ಪೊರಕೆಗಳು ಕಣದ ತುಂಬ ಚೆಲ್ಲಿದ್ದವು. "ನಾನು ಜವರಪ್ಪ ಸ್ವಾಮಿ, ನಂದಗುಡಿ ಕಡೆಯೋನು, ಯಾರನ್ನ ಬೇಕಾದ್ರೂ ಕೇಳಿ," ಎನ್ನುತ್ತಲೇ ಇದ್ದ. ಅವಳನ್ನು ಕರೆಸಿದಾಗ ಏಟಿಗೆ ಮುಖ ಊದಿ, ಅದು ಯಾರ ಮುಖವೆಂದು ಹೆತ್ತವಳೂ ಹೇಳುವಂತಿರಲಿಲ್ಲ. ಆದರೆ ಕೈಗಳನ್ನು ಮುಂದಕ್ಕೆ ಕಟ್ಟಿದ್ದರು. ಆದಿಲಕ್ಷ್ಮಮ್ಮ ಎಣಿಸಿದಳು. ಹತ್ತು ಬೆರಳೂ ಇದ್ದವು. ಆಳು ಕುಳ್ಳ.

"ಇವ್ನೇ ತಾನೇ?" ಎಂದ ಗಂಡ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅಲ್ಲ ಎಂದರೆ ಅಷ್ಟು ಜನರ ಎದುರು ಗಂಡನ ಮಾನ ಹೋಗುತ್ತದೆಂಬುದೊಂದೇ ಆಗ ಅವಳಿಗೆ ಹೊಳೆದದ್ದು. ಸೆರಗನ್ನು ಕಿವಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಅದನ್ನೇ ಅವರು ಹೌದೆಂದು ತಿಳಿದರು.

ಮಧ್ಯಾಹ್ನದ ಹೊತ್ತಿಗೆ ಅವನು ಸತ್ತ. ಹೆಣವನ್ನು ಪಾಳುಬಾವಿಗೆ ಹಾಕಿ, ಕಾಲು ಜಾರಿ ಬಿದ್ದನೆಂದು ಸುದ್ದಿ ಹಬ್ಬಿಸಿದರು. ವೆಂಕಟರಾಯಪ್ಪ ಮನೆಗೆ ಬಂದು ಮೊಣಕೈವರೆಗೆ ತೊಳೆದುಕೊಂಡು, "ಹಿಟ್ಟು ಹಾಕು, ಹಸಿವು," ಎಂದ. ಅವಳು ಹಾಕಿದಳು. ಸಾರು ಚೆನ್ನಾಗಿದೆ ಎಂದು ಇನ್ನೊಂದು ಸಲ ಬಡಿಸಿಕೊಂಡ.

ಟೆಂಟಿನಲ್ಲಿ ಹೆಂಗಸರಿಗೆ ಬೇರೆ ಜಾಗ, ನಡುವೆ ಬಿದಿರು ತಟ್ಟಿ. ಮರಳಿನ ಮೇಲೆ ಕುಳಿತ ಆದಿಲಕ್ಷ್ಮಮ್ಮನಿಗೆ ಭಾಷೆ ಅರ್ಧಂಬರ್ಧ ತಿಳಿಯಿತು. ಮಚ್ಚು ಬೀಸಿದಾಗಂತೂ ಭಾಷೆಯೇ ಬೇಕಿರಲಿಲ್ಲ. ತೆರೆಯ ಮೇಲಿನ ಕೆಟ್ಟವರು ಒಂದೇ ಏಟಿಗೆ ಮರದ ದಿಮ್ಮಿಯಂತೆ ಉರುಳುತ್ತಿದ್ದರು. ಯಾರೂ ನೀರು ಕೇಳಲಿಲ್ಲ. ಯಾರ ಪಂಚೆಯೂ ಒದ್ದೆಯಾಗಲಿಲ್ಲ. ತುಟಿಯ ಮೇಲೆ ನೊಣ ಕೂರಲಿಲ್ಲ. ಅವಳು ಕಂಡ ಸಾವಿನಲ್ಲಿ ಇದೆಲ್ಲ ಇತ್ತು. ಹೇಲಿನ ನಾತವೂ ಇತ್ತು. ಅದಕ್ಕೆ ಮೂಗು ಮುಚ್ಚಿಕೊಂಡು ನಕ್ಕವರೂ ಇದ್ದರು.

ಮೂರನೆಯವನು ಕೈಮುಗಿದು ಬೇಡುತ್ತಿದ್ದಾಗ ತಟ್ಟಿಯ ಆಚೆಯಿಂದ ಶಿಳ್ಳೆ ಎದ್ದವು. "ಬಿಡ್ಬೇಡ, ಹಾಕು ಅವ್ನಿಗೆ," ಎಂದು ಒಬ್ಬ ಕೂಗಿದ. ಅದು ಗಂಡನ ಗಂಟಲು. ಕಣದಲ್ಲಿಯೂ ಅವನು ಇದೇ ಮಾತನ್ನು, ಇದೇ ರಾಗದಲ್ಲಿ ಕೂಗಿದ್ದ. ಪಕ್ಕದ ಹೆಂಗಸು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾ ಕಣ್ಣರಳಿಸಿ ನೋಡುತ್ತಿದ್ದಳು. ಆದಿಲಕ್ಷ್ಮಮ್ಮ ಎದ್ದು, ಜನರ ಕಾಲು ತುಳಿದುಕೊಂಡು ಹೊರಗೆ ಹೋಗಿ, ಹಗ್ಗದ ಗೂಟ ಹಿಡಿದು ವಾಂತಿ ಮಾಡಿಕೊಂಡಳು.

ವಾಪಸು ಬರುವಾಗ ಗಾಡಿಯಲ್ಲಿ ಗಂಗಣ್ಣ ಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ. "ಅತ್ಗೇ, ನಮ್ಮಣ್ಣಾನೂ ಆ ಸಿನಿಮಾದೋನಿಗೇನು ಕಮ್ಮಿ ಇಲ್ಲ, ನೋಡಿದ್ರಲ್ಲ," ಎಂದು ನಕ್ಕ.

"ಆ ಪೊರಕೆಯೋನಲ್ಲ ಓಲೆ ಕಿತ್ತಿದ್ದು," ಎಂದಳು ಆದಿಲಕ್ಷ್ಮಮ್ಮ. "ಕಿತ್ತೋನಿಗೆ ಕಿರುಬೆರಳು ಇರ್ಲಿಲ್ಲ. ನೀವು ಕಟ್ಟಿದ್ದೋನಿಗೆ ಹತ್ತೂ ಇದ್ವು."

ವೆಂಕಟರಾಯಪ್ಪ ಎತ್ತಿನ ಬಾಲ ತಿರುವಿ, "ಇಲ್ಲಿ ಅಲ್ದಿದ್ರೆ ಇನ್ನೊಂದು ಕಡೆ ಕದ್ದಿರ್ತಾನೆ ಬಿಡು. ಅಂಥೋರು ಇದ್ದೇನು, ಸತ್ತೇನು," ಎಂದ. ಆಮೇಲೆ, "ನಾಳೆ ನಮ್ಮೂರ ಅಪ್ಪಯ್ಯಣ್ಣನ್ನೂ ಕರ್ಕೊಂಡು ಹೋಗೋಣ ಕಣೋ, ಅವ್ನು ನೋಡಿಲ್ಲ," ಎಂದು ತಮ್ಮನ ಕಡೆ ತಿರುಗಿದ.

ಪಕ್ಕದಲ್ಲಿ ಕುಳಿತಿದ್ದ ಗಂಡನ ಮೈಯ ಬಿಸಿ ತಾಕದಂತೆ ಅವಳು ಗಾಡಿಯ ಅಂಚಿಗೆ ಸರಿದಳು. ಅವನ ಮೇಲಿದ್ದುದಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ಬಾಯಿಯ ಮೇಲೆಯೇ ಹುಟ್ಟಿತು. ತೆರೆಯಬೇಕಾದ ದಿನ ಮುಚ್ಚಿಕೊಂಡು, ಎರಡು ವರ್ಷ ಅನ್ನ ತಿಂದ ಬಾಯಿ.

ಬೆಳಿಗ್ಗೆ ದನ ಹೊರಗೆ ಬಿಟ್ಟವಳೇ ನಂದಗುಡಿಯ ದಾರಿ ಹಿಡಿದಳು. ಪೊರಕೆ ಕಟ್ಟುವವರ ಗುಡಿಸಲು ಹುಡುಕುವುದು ಕಷ್ಟವಾಗಲಿಲ್ಲ. ಜವರಪ್ಪನ ಹೆಂಡತಿ ಕದಿರಮ್ಮ ಬಾಗಿಲಲ್ಲಿ ಕುಳಿತು ಕಡ್ಡಿ ಸೀಳುತ್ತಿದ್ದಳು. ಕುಡಿದು ಬಾವಿಗೆ ಬಿದ್ದನೆಂದು ಅವಳಿಗೆ ಯಾರೋ ಹೇಳಿದ್ದರು.

"ಕುಡೀತಿರ್ಲಿಲ್ಲ ಅವ್ನು," ಎಂದಳು ಕದಿರಮ್ಮ. "ಯಾರ್ ಮುಂದೆ ಅಂತ ಹೇಳ್ಕೊಳ್ಳಿ."

ಆದಿಲಕ್ಷ್ಮಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅವನು ನೀರು ಕೇಳಿದ್ದು, ಯಾರೂ ಕೊಡದಿದ್ದದ್ದು, ಏನನ್ನೂ ಬಿಡಲಿಲ್ಲ. ಕದಿರಮ್ಮನ ಕೈಯ ಕುಡುಗೋಲು ಕಡ್ಡಿಯ ನಡುವೆಯೇ ನಿಂತಿತ್ತು.

"ಯಾರ್ಯಾರಿದ್ರು?"

ನಾಲ್ಕೂ ಹೆಸರು ಹೇಳಿದಳು. ಗಂಡನ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

"ನಿನ್ ಹೆಸ್ರು?"

"ಆದಿಲಕ್ಷ್ಮಮ್ಮ."

"ಅವತ್ತು ಯಾಕಮ್ಮ ಸುಮ್ಕಿದ್ದೆ?"

ಕದಿರಮ್ಮ ಎದ್ದು ಬಂದು ಅವಳ ಪಾದದ ಮೇಲೆ ಉಗಿದಳು. ಆದಿಲಕ್ಷ್ಮಮ್ಮ ಕಾಲು ಹಿಂದೆಗೆಯಲಿಲ್ಲ. ಒರೆಸಿಕೊಳ್ಳಲೂ ಇಲ್ಲ.

"ದರೋಗನ ಮುಂದೆ ಇದ್ನೇ ಹೇಳ್ತೀಯಾ?"

"ಹೇಳ್ತೀನಿ."

ಇಬ್ಬರೂ ಪೊಲೀಸ್ ಠಾಣೆಗೆ ನಡೆದೇ ಹೋದರು. ದರೋಗ ಬರೆದುಕೊಂಡ. ನಾಲ್ವರನ್ನೂ ಹಿಡಿದು ಹಾಕಿದರು. ಹೆಣವನ್ನು ಹುಗಿದು ಎರಡು ವರ್ಷವಾಗಿತ್ತು. ಊರಿನ ಒಬ್ಬನೂ ಬಾಯಿ ಬಿಡಲಿಲ್ಲ. ಹೆಂಗಸೊಬ್ಬಳ ಮಾತು ಸಾಲದೆಂದು ಐದು ತಿಂಗಳಿಗೆ ಬಿಟ್ಟುಬಿಟ್ಟರು. ಊರಿಗೆ ಬಂದವರಿಗೆ ವಾಲಗ ಊದಿಸಿ ಹಾರ ಹಾಕಿದರಂತೆ. ಈ ಸುದ್ದಿಯನ್ನು, ಅಂದಿನಿಂದ ತಾನು ಉಳಿದ ತವರಿನಲ್ಲಿ, ಅಣ್ಣ ರಾಮಾಂಜಿನಪ್ಪನ ಬಾಯಲ್ಲಿ ಕೇಳಿದ ಆದಿಲಕ್ಷ್ಮಮ್ಮ, ಬಾಯಲ್ಲಿದ್ದ ತುತ್ತನ್ನು ಹೊರಗೆ ಹೋಗಿ ಉಗಿದು ಬಂದಳು. ಗಂಡನ ಮನೆಯಿಂದ ಎರಡು ಸಲ ಕರೆಯಲು ಬಂದರು. ಅವಳು ಒಳಗಿಂದ ಎದ್ದು ಬರಲಿಲ್ಲ.