ಬಾಜೂದಾರನ ಸಹಿ

ಎಕರೆಗೆ ಇನ್ನೂರ ಹತ್ತು ಡಾಲರಿನಂತೆ ಹನ್ನೊಂದು ಸಾವಿರ ಎಕರೆ. ಅಮೆರಿಕದ ಮಾರ್ಗನ್ ಹಿಲ್‌ನ ಪೂರ್ವಕ್ಕಿರುವ ಗುಡ್ಡಸಾಲನ್ನು ಪಾರ್ಕಿಗೆಂದು ಅಲ್ಲಿನ ಸರ್ಕಾರ ಕೊಂಡದ್ದು ಆ ಬೆಲೆಗೆ. ಕೊಂಡ ಮೇಲೆ ಒಳಗೆ ಏನಿದೆ ಎಂದು ನೋಡಿ ಬರಲು ಕಳಿಸಿದ ತಂಡಕ್ಕೆ ಮೂರು ವಾರದ ಊಟ, ಎರಡು ಬಾಡಿಗೆ ಹೇಸರಗತ್ತೆ, ಒಂದು ಜೀಪು, ಮೂರು ಜನರ ಸಂಬಳ. ಬಂದೂಕಿಗೆಂದು ಬರೆದಿದ್ದ ಎಂಬತ್ತು ಡಾಲರನ್ನು ಆಫೀಸಿನಲ್ಲಿ ಯಾರೋ ಗೆರೆ ಎಳೆದು ತೆಗೆದಿದ್ದರು. ಜನ ಸುತ್ತಾಡಲು ಬರುವ ಜಾಗಕ್ಕೆ ಬಂದೂಕು ಯಾಕೆ ಅಂದಿದ್ದರಂತೆ.

ಅದು ೧೯೮೪ರ ಸೆಪ್ಟೆಂಬರು. ಗಡಿ ಹುಡುಕುವ ಕೆಲಸ ಶಿವರಾಮುವಿನದು. ಈ ದೇಶಕ್ಕೆ ಬರುವ ಮುಂಚೆ ಮಂಡ್ಯದ ಸರ್ವೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಅಳತೆಯ ಚೈನು ಎಳೆದ ಕೈ ಅದು. ನೀರಿನ ಸೆಲೆಗಳನ್ನು ಗುರುತು ಮಾಡುವುದು ಮೈಸೂರಿನ ನಿರುಪಮಾಳದು. ಇಬ್ಬರಿಗೂ ಮೇಲೆ ಡೇಲ್ ಎಂಬ ಅಮೆರಿಕದವನು.

ನಾಲ್ಕನೇ ದಿನ ಕಾಡುಹಂದಿಯೊಂದು ಪೊದೆಯಿಂದ ನುಗ್ಗಿ ಒಂದು ಹೇಸರಗತ್ತೆಯ ಹೊಟ್ಟೆ ಸೀಳಿತು. ಕರುಳು ಎಳೆದುಕೊಂಡೇ ಅದು ಇಪ್ಪತ್ತು ಹೆಜ್ಜೆ ನಡೆಯಿತು. ಡೇಲ್ ಮುಖ ತಿರುಗಿಸಿದ. ಶಿವರಾಮು ಹಾರೆ ಎತ್ತಿ, ಹಣೆಗೆ ಎರಡು ಏಟು ಹಾಕಿ, ಅದರ ಸಂಕಟ ಮುಗಿಸಿದ. ಮರುದಿನ ಬೆಳಿಗ್ಗೆ ಡೇಲ್ ಇನ್ನೊಂದು ಹೇಸರಗತ್ತೆ ತರಲು ಜೀಪು ಹತ್ತಿದ.

ಅವನು ಹೋದ ಮೇಲೆ ಇಬ್ಬರೂ ಪೂರ್ವದ ಗಡಿಗೆ ಹೋದರು. ಅಲ್ಲಿ ಬೇಲಿ ಪಕ್ಕ ಹಳೆಯ ಗಡಿಕಲ್ಲು. ಬೇಲಿಯಾಚೆ ಹ್ಯಾರಿಸ್ ಎಂಬ ದನಗಾರನ ಜಮೀನು, ಅದರೊಳಗೆ ಆ ಬಿಸಿಲಿನಲ್ಲೂ ಬತ್ತದ ಒಂದೇ ಒಂದು ಸೆಲೆ. ಶಿವರಾಮು ಕಲ್ಲಿನ ಬುಡ ಅಗೆದು ನೋಡಿದ.

"ಇದ್ಲು ಇಲ್ಲ ಮೇಡಂ."

"ಇದ್ಲು ಯಾಕ್ರೀ ಇರ್ಬೇಕು?"

"ಹಳೇ ಸರ್ವೆಯೋರು ಕಲ್ಲಿನ ಕೆಳಗೆ ಇದ್ಲು ಹಾಕೋರು. ನಮ್ಮ ಕಡೆನೂ ಅಷ್ಟೆ. ಇಲ್ಲೂ ಹಾಕವ್ರೆ ಅಂತ ಫೀಲ್ಡ್ ಬುಕ್ಕಲ್ಲಿ ಬರ್ದದೆ. ಕಲ್ಲಾದ್ರೆ ಎತ್ಕಂಡೋಗ್ಬೌದು. ಇದ್ಲ ಯಾರ್ ಹೊತ್ಕಂಡೋದಾರು?"

ಬುಕ್ಕಿನ ಅಳತೆ ಹಿಡಿದು ಬೇಲಿ ದಾಟಿ ನಡೆದ. ಸೆಲೆಯನ್ನೂ ದಾಟಿ, ಕಾಲು ಮೈಲಿಯಾಚೆ, ಎರಡಡಿ ಆಳದಲ್ಲಿ ಇದ್ದಿಲು ಸಿಕ್ಕಿತು. ಯಾರೋ ಕಲ್ಲನ್ನು ಈಚೆಗೆ ತಂದು ನೆಟ್ಟಿದ್ದರು. ಅಂದರೆ ಸೆಲೆ ಸರ್ಕಾರದ್ದು.

ನಿರುಪಮಾ ಗುಂಡಿಯ ಫೋಟೋ ತೆಗೆದಳು. "ಆಯ್ತಲ್ಲ, ಹೋಗೋಣ ನಡೀರಿ. ಡೇಲ್ ಬಂದ ಮೇಲೆ ಮಿಕ್ಕಿದ್ದು."

"ಬಾಜೂದಾರನ್ನ ಕರೀದೆ ಹೆಂಗೆ ಹೋಗದು? ಪಕ್ಕದ ಜಮೀನೋನು ನಿಂತು ನೋಡ್ಬೇಕು, ಸೈನ್ ಹಾಕ್ಬೇಕು."

"ಶಿವರಾಮು ಅವ್ರೆ, ಇದು ಮಂಡ್ಯ ಅಲ್ಲ."

"ಬೆನ್ನ ಹಿಂದೆ ಅಳುದ್ರೆ ಅಳತೆ ಅಲ್ಲ ಮೇಡಂ, ಕಳ್ಳತನ."

"ನಿಮ್ಮೂರಲ್ಲಿ ಎಲ್ಲಾರೂ ನಗ್ತಾ ಸೈನ್ ಹಾಕ್ತಿದ್ರಾ?"

"ಅಪ್ಪ ಅಮ್ಮನ್ನೆಲ್ಲ ಬೈದೇ ಹಾಕೋರು. ಆದ್ರೂ ಹಾಕೋರು."

ಶಿವರಾಮು ಗುಡ್ಡ ಇಳಿದು ಹ್ಯಾರಿಸ್‌ನ ಬಾಗಿಲು ತಟ್ಟಿದ. ಅರವತ್ತರ ಆಸುಪಾಸಿನ ಮನುಷ್ಯ. ಮರ್ಯಾದೆಯಿಂದಲೇ ಕೇಳಿಸಿಕೊಂಡು, "ನೀನು ನಡಿ, ಬರ್ತೀನಿ" ಅಂದ. ಬಂದ, ಕುದುರೆ ಮೇಲೆ, ಕೈಯಲ್ಲಿ ರೈಫಲ್ ಹಿಡಿದು. ಕೆಳಗಿಳಿದು ಗುಂಡಿಯೊಳಗಿನ ಕರಿ ಇದ್ದಿಲನ್ನು ಬಹಳ ಹೊತ್ತು ನೋಡಿದ. ಶಿವರಾಮು ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ, ಪುಸ್ತಕ ಮತ್ತು ಪೆನ್ನು ಮುಂದೆ ಹಿಡಿದ.

"ನನ್ನ ದನ ಎಲ್ಲಿ ನೀರು ಕುಡೀಬೇಕು?" ಅಂತ ಕೇಳಿದ ಹ್ಯಾರಿಸ್.

ನಿರುಪಮಾ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗುಂಡು ಹಾರಿತು. ಪುಸ್ತಕದ ಜೊತೆ ಶಿವರಾಮುವಿನ ಬಲಗೈಯ ಎರಡು ಬೆರಳು ಹಾರಿ ಹೋದವು. ನೋವು ಇನ್ನೂ ಹತ್ತಿರಲಿಲ್ಲ. ರೈಫಲಿನ ಬಾಯಿ ಕ್ಯಾಮೆರಾ ಹಿಡಿದವಳ ಎದೆಯ ಕಡೆ ತಿರುಗಿದ್ದು ಮಾತ್ರ ಅವನಿಗೆ ಕಂಡಿತು. ಗುಂಡಿಯಲ್ಲಿ ನಿಲ್ಲಿಸಿದ್ದ ಹಾರೆಯನ್ನು ಕಿತ್ತು, ರಕ್ತ ಸೋರುವ ಕೈಯನ್ನೂ ಸೇರಿಸಿ ಬೀಸಿದ. ಹ್ಯಾರಿಸ್‌ನ ಮೊಣಕಾಲು ಒಣಕಟ್ಟಿಗೆಯಂತೆ ಮುರಿಯಿತು. ಎರಡನೇ ಗುಂಡು ನಿರುಪಮಾಳ ತೊಡೆ ಹರಿದುಕೊಂಡು ಹೋಯಿತು.

"ಬುಟ್ಬುಡಯ್ಯ," ಅಂದ ಶಿವರಾಮು, ಕನ್ನಡದಲ್ಲೇ. "ಸೈನ್ ಬ್ಯಾಡ. ಬುಟ್ಬುಡು."

ಹ್ಯಾರಿಸ್ ಕೈತಪ್ಪಿ ಬಿದ್ದ ರೈಫಲಿನ ಕಡೆ ತೆವಳಿದ. ಬೆರಳು ಅದಕ್ಕೆ ತಾಗಿದಾಗ ಶಿವರಾಮು ಅವನ ತಲೆಗೆ ಹೊಡೆದ. ಮತ್ತೆ ಹೊಡೆದ. ನಿರುಪಮಾ ಸಾಕು ಸಾಕು ಅಂತ ಅವನ ಕಾಲು ಹಿಡಿದು ಎಳೆಯುವವರೆಗೂ ಹೊಡೆದ.

ಪ್ರಾಣ ಉಳಿಸಿಕೊಳ್ಳಲು ಮಾಡಿದ್ದೆಂದು ಪೊಲೀಸರು ಬರೆದುಕೊಂಡರು. ಸರ್ಕಾರಕ್ಕೆ ನೂರ ಅರವತ್ತು ಎಕರೆಯೂ ಒಂದು ಸೆಲೆಯೂ ದಕ್ಕಿದವು. ಹ್ಯಾರಿಸ್‌ನ ಹೆಂಡತಿ ದನಗಳನ್ನೆಲ್ಲ ಮಾರಿ ಗುಡ್ಡ ಬಿಟ್ಟಳು. ನಿರುಪಮಾ ಬದುಕಿದಳು, ಸ್ವಲ್ಪ ಕುಂಟುತ್ತಾಳೆ. ಶಿವರಾಮುವಿಗೆ ಎರಡು ಬೆರಳು ಹೋದವು. ತಾನಾಗಿ ಹೋಗಿ ಕರೆದಿದ್ದ ಮನುಷ್ಯನನ್ನು ತಾನೇ ಕೊಂದ.